ಸಾಲಿಯ ಸಾಕುಮಗಳು

ಜಾಂಬೋಟಿ ಕಡೆಯ ನಮ್ಮ ಹಳೆಯ ಸಾಲಿಯಿಂದ ನನಗೊಂದು ಆಮಂತ್ರಣ ಬಂತು. ಬಂದದ್ದು ತವರುಮನೆಗೆ. ಅಣ್ಣ ಬೆಳಗಾವಿ ಪೇಟೆಗೆ ಬಂದಾಗ ಜೇಬಿನಿಂದ ತೆಗೆದುಕೊಟ್ಟ. ಲಕೋಟೆಯ ಮೇಲೆ ನನ್ನ ಹಿಂದಿನ ಹೆಸರು. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆದರಲ್ಲ, ಅದಕ್ಕೂ ಮುಂಚಿನದು. ಒಳಗೆ ದಪ್ಪಕ್ಷರದಲ್ಲಿ ‘ಅಲುಮ್ನಿ ಮೇಳಾವ’.

‘ಅಲುಮ್ನಿ ಅಂದ್ರ ಏನವಾ?’ ಎಂದರು ಅತ್ತೆ.

‘ಹಳೇ ಹುಡುಗರು ಅಂತ್ರಿ.’

‘ಹುಡುಗರ ಕೂಟಕ್ಕ ನಿನ್ನನ್ಯಾಕ ಕರ್ದಾರ?’

ನಕ್ಕುಬಿಟ್ಟೆ. ಆದರೆ ಅತ್ತೆ ಕೇಳಿದ್ದು ವ್ಯಾಕರಣದ ಪ್ರಶ್ನೆಯೇ. ಈ ಲ್ಯಾಟಿನ್ ಶಬ್ದದಲ್ಲಿ ಒಬ್ಬ ಗಂಡಾದರೆ ಅಲುಮ್ನುಸ್, ಒಬ್ಬಳು ಹೆಣ್ಣಾದರೆ ಅಲುಮ್ನಾ. ಹೆಣ್ಣುಮಕ್ಕಳೇ ಕೂಡಿದರೆ ಅದಕ್ಕೆ ಬೇರೆ ಬಹುವಚನವಿದೆ. ನೂರು ಹೆಂಗಸರ ನಡುವೆ ಒಬ್ಬ ಗಂಡಸು ಬಂದು ಕೂತನೋ, ಎಲ್ಲರೂ ‘ಅಲುಮ್ನಿ’. ಇಂಗ್ಲಿಷಿನವರು ಗಂಡಸರಿಗೆ ‘ಅಲಮ್ನೈ’, ಹೆಂಗಸರಿಗೆ ‘ಅಲಮ್ನೀ’ ಎನ್ನುವುದು ರೂಢಿ. ಹಳೆಯ ಲ್ಯಾಟಿನ್ನಿನ ಉಚ್ಚಾರ ಇದಕ್ಕೆ ತದ್ವಿರುದ್ಧ. ಹಾಗಾಗಿ ನಮ್ಮವರು ಹೇಗೆ ಅಂದರೂ ಯಾವುದೋ ಒಂದು ಕಾಲಕ್ಕೆ ಸರಿಯೇ.

ಮೂಲ ಧಾತು ‘ಅಲೆರೆ’. ಉಣಿಸು, ಸಾಕಿ ಬೆಳೆಸು ಎಂದರ್ಥ. ರೋಮನರ ಕಾಲದಲ್ಲಿ ಅಲುಮ್ನಾ ಎಂದರೆ ಸಾಕುಮಗಳು. ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಎತ್ತಿ ಸಾಕಿದವರು, ಅವು ಸತ್ತಾಗ ಗೋರಿಕಲ್ಲಿನ ಮೇಲೆ ಈ ಶಬ್ದ ಕೊರೆಸಿದ್ದುಂಟು. ಹಾಗೆ ಸಾಕಿಸಿಕೊಂಡವರಲ್ಲಿ ದಾಸರಾಗಿ ಉಳಿದವರೂ ಇದ್ದರು. ಎಲ್ಲ ಸಾಕಣೆಯೂ ಮಮತೆಯದಲ್ಲ. ಕಾಲೇಜಿಗೆ ‘ಆಲ್ಮಾ ಮಾತರ್’ ಎನ್ನುತ್ತಾರಲ್ಲ, ಉಣಿಸುವ ತಾಯಿ, ಅದೂ ಇದೇ ಧಾತುವಿನದು. ಮೊದಲು ದೇವಿಯರಿಗಿದ್ದ ಬಿರುದು. ಇಟಲಿಯ ಬೊಲೋನ್ಯಾ ವಿಶ್ವವಿದ್ಯಾಲಯ ಇಂದಿಗೂ ತನ್ನ ಹೆಸರಿನಲ್ಲೇ ಇಟ್ಟುಕೊಂಡಿದೆ. ಕೋರ್ಟಿನ ‘ಅಲಿಮನಿ’ ಕೂಡ ಅಲ್ಲಿಯದೇ. ನಾವು ಜೀವನಾಂಶ ಎನ್ನುತ್ತೇವೆ. ಸಾಲಿಯ ನಂಟಿಗೂ ಕಡಿದ ಸಂಸಾರದ ಕಾಸಿಗೂ ಒಂದೇ ಬೇರು!

ಬೆಳಗಾವಿಯಲ್ಲಿ ಈ ಅರ್ಥ ಕಣ್ಣಿಗೆ ಕಾಣುತ್ತದೆ. ನಾಗನೂರು ರುದ್ರಾಕ್ಷಿ ಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿಯ ಹುಡುಗರು ಅಕ್ಷರಶಃ ಅಲುಮ್ನಿಗಳು.

ನಮ್ಮ ಕಡೆ ಮೊದಲಿನಿಂದ ಇದ್ದದ್ದು ‘ಮಾಜಿ ವಿದ್ಯಾರ್ಥಿ’. ಮಾಜಿ ಎಂದರೆ ಅರಬ್ಬಿಯಲ್ಲಿ ಕಳೆದುಹೋದದ್ದು. ಪಾರ್ಸಿಯನ್ನು ದಾಟಿ ಬಂದ ಈ ಶಬ್ದವನ್ನು ಕನ್ನಡದವರೂ ಮರಾಠಿಯವರೂ ಬಳಸುತ್ತಾರೆ. ಗಡಿಯಲ್ಲಿ ಜಗಳವಿಲ್ಲದ ಶಬ್ದಗಳಲ್ಲಿ ಇದೊಂದು. ಆದರೂ ಮಾಜಿ ಮಂತ್ರಿಯ ಹಾಗೆ ಕುರ್ಚಿ ಹೋದ ಧ್ವನಿ ಅದಕ್ಕೆ. 1994ರಲ್ಲಿ ನ್ಯಾಕ್ ಸಂಸ್ಥೆ ಹುಟ್ಟಿತು. ಮುಂದೆ ಕಾಲೇಜುಗಳನ್ನು ಅಳೆಯುವಾಗ ಹಳೆಯ ವಿದ್ಯಾರ್ಥಿಗಳ ಸಂಘ ಏನು ಮಾಡಿದೆ ಎಂದೂ ಅದು ಕೇಳತೊಡಗಿತು. ಆಮೇಲೆ ಊರೂರಲ್ಲೂ ಅಲುಮ್ನಿ.

ಮೇಳಾವಕ್ಕೆ ಹೋದೆ. ಗಂಡುಮಕ್ಕಳ ಪಟ್ಟಿ ತುಂಬಿತ್ತು. ಹೆಣ್ಣುಮಕ್ಕಳದು ಅರ್ಧ ಖಾಲಿ. ‘ಏನ ಮಾಡೂದ್ರಿ ಅಕ್ಕಾರ, ರಜಿಸ್ಟರಿನೊಳಗ ತವರಿನ ಹೆಸರ ಅದಾವು. ಆ ಹೆಸರಿನವರು ಈಗ ಎಲ್ಲೂ ಇಲ್ಲ’ ಎಂದ ಪಟ್ಟಿ ಮಾಡಿದ ಹುಡುಗ. ಹೆಸರೂ ಅಡ್ಡಹೆಸರೂ ಊರೂ ಒಂದೇ ದಿನ ಬದಲಾದವರನ್ನು ಅವನು ಎಲ್ಲಿ ಹುಡುಕಬೇಕು?

ಊಟದ ನಂತರ ನಾವು ನಾಲ್ವರು ಒಂದು ವಹಿ ಹಿಡಿದು ಕೂತೆವು. ಒಂದು ಸಾಲಿನಲ್ಲಿ ಹಿಂದಿನ ಹೆಸರು, ಪಕ್ಕದಲ್ಲಿ ಈಗಿನದು, ಆಮೇಲೆ ಊರು. ಒಬ್ಬಳು ಕಾರವಾರ, ಒಬ್ಬಳು ಗಡಹಿಂಗ್ಲಜ, ಇಬ್ಬರು ವಾಸ್ಕೋ. ಏಳನೆಯ ಇಯತ್ತೆಗೇ ಮದುವೆಯಾಗಿ ಹೋದ, ನನ್ನ ಪಕ್ಕದಲ್ಲಿ ಕೂಡುತ್ತಿದ್ದವಳ ಹೊಸ ಹೆಸರು ನಾಲ್ವರಿಗೂ ತಿಳಿದಿರಲಿಲ್ಲ. ಹಿಂದಿನ ಹೆಸರು ಬರೆದು, ಪಕ್ಕದ ಜಾಗ ಹಾಗೇ ಬಿಟ್ಟೆವು.