ಹ್ಯೂ ಕ್ಲೆಗ್‌ಹಾರ್ನ್

ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗ್‌ಹಾರ್ನ್ (ಆಗಸ್ಟ್ 9, 1820 – ಮೇ 16, 1895) ಭಾರತದಲ್ಲಿ ಸೇವೆ ಸಲ್ಲಿಸಿದ ಸ್ಕಾಟ್ಲೆಂಡಿನ ವೈದ್ಯರು, ಸಸ್ಯವಿಜ್ಞಾನಿ ಹಾಗೂ ಮದರಾಸು ಪ್ರಾಂತದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ. ಶಿವಮೊಗ್ಗ, ಕೆನರಾ ಹಾಗೂ ಬೆಂಗಳೂರಿನ ಲಾಲ್‌ಬಾಗ್‌ಗಳ ಇತಿಹಾಸದಲ್ಲಿ ಇವರ ಹೆಸರು ಬರುತ್ತದೆ.

ಆರಂಭಿಕ ಜೀವನ

ಇವರು ಹುಟ್ಟಿದ್ದು ಮದರಾಸಿನಲ್ಲಿ. ತಂದೆ ಅಲ್ಲಿನ ಸುಪ್ರೀಂ ಕೋರ್ಟಿನ ಅಧಿಕಾರಿ. ಬಾಲ್ಯದಲ್ಲಿಯೇ ಸ್ಕಾಟ್ಲೆಂಡಿಗೆ ಕಳುಹಿಸಲ್ಪಟ್ಟು, ಅಜ್ಜನ ಆಶ್ರಯದಲ್ಲಿ ಬೆಳೆದರು. ಎಡಿನ್‌ಬರೋ ವಿಶ್ವವಿದ್ಯಾಲಯದಿಂದ 1841ರಲ್ಲಿ ವೈದ್ಯಪದವಿ ಪಡೆದು, ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯರಾಗಿ ಮದರಾಸಿಗೆ ಮರಳಿದರು.

ಶಿವಮೊಗ್ಗದ ದಿನಗಳು

1840ರ ದಶಕದ ಮಧ್ಯದಲ್ಲಿ ಮೈಸೂರು ಸಂಸ್ಥಾನದ ಶಿವಮೊಗ್ಗಕ್ಕೆ ನಿಯುಕ್ತರಾದರು. ದಿನಕ್ಕೊಂದು ಗಿಡವನ್ನು ಅಭ್ಯಾಸಮಾಡುವ ಸಂಕಲ್ಪ ತೊಟ್ಟು, ಭಾರತೀಯ ಚಿತ್ರಕಾರನೊಬ್ಬನಿಂದ ಅವುಗಳ ಚಿತ್ರ ಬರೆಯಿಸತೊಡಗಿದರು. ಈ ಚಿತ್ರಗಳೂ ಅವರು ಮುಂದೆ ಬರೆಯಿಸಿದ ಚಿತ್ರಗಳೂ ಈಗ ಎಡಿನ್‌ಬರೋದ ರಾಜೋದ್ಯಾನದಲ್ಲಿವೆ. ಗಿಡಗಳಿಗೆ ಲ್ಯಾಟಿನ್ ಹೆಸರು ಕೊಟ್ಟವರು ಪ್ರಸಿದ್ಧರಾದರು. ಕುಂಚ ಹಿಡಿದವರನ್ನು ಕಾಲ ಮರೆತಿತು.

ಅನಾರೋಗ್ಯದ ನಿಮಿತ್ತ 1848ರಲ್ಲಿ ಸ್ವದೇಶಕ್ಕೆ ತೆರಳಿದರು. ಅಲ್ಲಿದ್ದಾಗಲೇ ಬ್ರಿಟಿಷ್ ವಿಜ್ಞಾನ ಸಂಘಕ್ಕಾಗಿ ಉಷ್ಣವಲಯದ ಕಾಡುಗಳ ನಾಶದ ಬಗೆಗಿನ ವರದಿಯನ್ನು ಸಿದ್ಧಪಡಿಸಿ 1851ರಲ್ಲಿ ಮಂಡಿಸಿದರು.

ಅರಣ್ಯಾಡಳಿತ ಮತ್ತು ಕುಮರಿ

ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇವರಿಗೆ 1856ರಲ್ಲಿ ಅರಣ್ಯ ಇಲಾಖೆಯ ಹೊಣೆ ಬಂದಿತು. ಮದರಾಸು ರೈಲುಮಾರ್ಗದ ಮೊದಲ ಭಾಗ ಸಂಚಾರಕ್ಕೆ ತೆರೆದುದೂ ಅದೇ ವರ್ಷ. ಹಳಿಗಳ ಅಡಿಯ ಮರದ ದಿಮ್ಮಿಗೆ, ಎಂಜಿನ್ನಿನ ಸೌದೆಗೆ, ಹಡಗುಕಟ್ಟೆಗಳ ತೇಗಕ್ಕೆ ಕಾಡು ಕರಗುತ್ತಿತ್ತು. ಘಟ್ಟದ ಇಳಿಜಾರುಗಳಲ್ಲಿ ಕಾಫಿತೋಟಗಳೂ ಹಬ್ಬುತ್ತಿದ್ದವು.

ಆಗ ಕೆನರಾ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು (ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿದ್ದು 1862ರಲ್ಲಿ). ಬೆಳಗಾವಿ, ಖಾನಾಪುರಗಳ ಕಾಡುಗಳು ಮುಂಬಯಿ ಪ್ರಾಂತದವಾದ್ದರಿಂದ ಕ್ಲೆಗ್‌ಹಾರ್ನರ ಅಧಿಕಾರದ ಹೊರಗಿದ್ದವು. ಅಲ್ಲಿ 1847ರಿಂದ ಅಲೆಕ್ಸಾಂಡರ್ ಗಿಬ್ಸನ್ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದರು. ಕೆನರಾದ ಘಟ್ಟಗಳಲ್ಲಿ ಕುಮರಿ ಬೇಸಾಯ ರೂಢಿಯಲ್ಲಿತ್ತು: ಕಾಡಿನ ತುಂಡೊಂದನ್ನು ಕಡಿದು, ಒಣಗಿಸಿ, ಮಳೆಗೆ ಮುನ್ನ ಸುಟ್ಟು, ಬೂದಿಯಲ್ಲಿ ರಾಗಿ ಮೊದಲಾದ ಧಾನ್ಯ ಬಿತ್ತುವುದು, ಒಂದೆರಡು ಬೆಳೆ ತೆಗೆದು ಆ ನೆಲವನ್ನು ಹಲವು ವರ್ಷ ಬೀಳುಬಿಡುವುದು. ಇದರಿಂದ ಬೆಲೆಬಾಳುವ ಮರ ಹಾಳಾಗುತ್ತದೆಂದು ಕ್ಲೆಗ್‌ಹಾರ್ನ್ ಬಲವಾಗಿ ವಾದಿಸಿದರು. 1860ರಲ್ಲಿ ಮದರಾಸು ಸರಕಾರವು ತನ್ನ ಅನುಮತಿಯಿಲ್ಲದೆ ಕುಮರಿ ಮಾಡುವುದನ್ನು ನಿಷೇಧಿಸಿತು. ರೈಲ್ವೆಯ ಬೇಡಿಕೆಯ ಬಗೆಗೂ ಅವರು ಬರೆದದ್ದುಂಟು. ಆದರೆ ರೈಲು ನಿಲ್ಲಲಿಲ್ಲ, ಕುಮರಿಗೆ ಕಡಿವಾಣ ಬಿತ್ತು. ಅದನ್ನೇ ನಂಬಿದ್ದ ಗುಡ್ಡಗಾಡಿನ ಜನರು ಈ ಆಜ್ಞೆಯ ಭಾರ ಹೊತ್ತರು. ಅರಣ್ಯ ಸಂರಕ್ಷಣೆಯ ಪ್ರವರ್ತಕರೆಂದು ಇವರನ್ನು ಕೊಂಡಾಡುವಾಗ ಈ ಮಗ್ಗುಲನ್ನು ಬಿಡುವುದು ನ್ಯಾಯವಲ್ಲ.

ಲಾಲ್‌ಬಾಗ್

ಹೈದರಾಲಿಯು ಆರಂಭಿಸಿದ ಲಾಲ್‌ಬಾಗ್ 1856ರಲ್ಲಿ ಸರಕಾರಿ ಸಸ್ಯೋದ್ಯಾನವಾದುದು ಇವರ ಸಲಹೆಯ ಮೇರೆಗೆ. ತೋಟವು ವ್ಯಾಪಾರದ ಸ್ಥಳವಾಗದೆ, ದೇಶೀಯ ಸಸ್ಯಗಳ ಉಪಯೋಗವನ್ನು ಹೆಚ್ಚಿಸಿ, ಇತರ ಉದ್ಯಾನಗಳೊಡನೆ ಬೀಜ ಮತ್ತು ಸಸಿಗಳನ್ನು ವಿನಿಮಯ ಮಾಡಿಕೊಳ್ಳಬೇಕೆಂಬುದು ಅವರ ಅಭಿಪ್ರಾಯವಾಗಿತ್ತು.

ಕೊನೆಯ ವರ್ಷಗಳು

ದಕ್ಷಿಣ ಭಾರತದ ಕಾಡು ಮತ್ತು ತೋಟಗಳ ಕುರಿತ ಅವರ ಗ್ರಂಥವು 1861ರಲ್ಲಿಯೂ, ಪಂಜಾಬ್ ಮತ್ತು ಪಶ್ಚಿಮ ಹಿಮಾಲಯದ ಕಾಡುಗಳ ವರದಿಯು 1864ರಲ್ಲಿಯೂ ಪ್ರಕಟವಾದವು. ನಿವೃತ್ತಿಯ ಬಳಿಕ ಸ್ಕಾಟ್ಲೆಂಡಿನ ಸ್ಟ್ರಾವಿಥಿಯಲ್ಲಿ ನೆಲೆಸಿ, ಅರಣ್ಯಶಾಸ್ತ್ರದ ಶಿಕ್ಷಣಕ್ಕಾಗಿ ದುಡಿದರು; ಅಲ್ಲಿಯೇ ನಿಧನರಾದರು. ಕಣಗಿಲೆಯ ಕುಟುಂಬಕ್ಕೆ ಸೇರಿದ ‘ಕ್ಲೆಗ್‌ಹಾರ್ನಿಯಾ’ ಎಂಬ ಸಸ್ಯಕುಲಕ್ಕೆ ರಾಬರ್ಟ್ ವೈಟ್ ಇವರ ಹೆಸರನ್ನಿಟ್ಟಿದ್ದಾರೆ.