‘ಸಾರ್ವಜನಿಕ’ವಲ್ಲದ ಸರಕಾರಿ ಶಾಲೆ

ಸರಕಾರಿ ಹೈಸ್ಕೂಲು ಯಾರದು ಎಂದು ಕೇಳಿದರೆ ಸಣ್ಣ ಮಕ್ಕಳೂ ಉತ್ತರ ಹೇಳುತ್ತಾರೆ: ಊರಿನವರದು. ಊರಿನವರ ತೆರಿಗೆ ಹಣದಿಂದ ಕಟ್ಟಿದ್ದು, ಊರಿನ ಮಕ್ಕಳು ಕಲಿಯುವಂಥದ್ದು. ಅದರ ತಂಡ ಪಂದ್ಯ ಗೆದ್ದು ಬಂದರೆ ಇಡೀ ಪೇಟೆಯೇ ತಾನು ಗೆದ್ದೆನೆಂದು ಬೀಗುತ್ತದೆ. ಆದರೆ ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ಸರಕಾರಿ ಹೈಸ್ಕೂಲಿಗೆ ‘ನಿಮ್ಮದು ಸಾರ್ವಜನಿಕ ಶಾಲೆಯೇ ಅಲ್ಲ’ ಎಂದು ಹೇಳಿ ಹದಿನೈದು ವರ್ಷ ರಾಜ್ಯದ ಕ್ರೀಡಾಕೂಟಗಳ ಬಾಗಿಲು ಮುಚ್ಚಲಾಗಿತ್ತು. ಆ ಶಾಲೆಯ ತಂಡದ ಕಥೆಯನ್ನು ನಾವಿಲ್ಲಿ ಹೇಳಹೊರಟಿದ್ದೇವೆ.

ಇಂಡಿಯಾನಾಪೊಲಿಸ್ ಆ ರಾಜ್ಯದ ರಾಜಧಾನಿ. 1920ರ ದಶಕದ ಆರಂಭದವರೆಗೂ ಅಲ್ಲಿನ ಹೈಸ್ಕೂಲುಗಳಲ್ಲಿ ಕಪ್ಪು ಮಕ್ಕಳೂ ಬಿಳಿಯ ಮಕ್ಕಳೂ ಕೂಡಿಯೇ ಕಲಿಯುತ್ತಿದ್ದರು. ಆ ದಶಕದಲ್ಲಿ ಕು ಕ್ಲುಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಸಂಘಟನೆ ಇಂಡಿಯಾನಾದ ರಾಜಕೀಯವನ್ನೇ ಕೈಗೆ ತೆಗೆದುಕೊಂಡಿತು. ಕಪ್ಪು ಮಕ್ಕಳಿಗೆ ಬೇರೆಯೇ ಹೈಸ್ಕೂಲು ಬೇಕೆಂದು 1922ರಲ್ಲಿ ಶಾಲಾ ಮಂಡಳಿ ತೀರ್ಮಾನಿಸಿತು. ಕಪ್ಪು ಜನರ ಸಂಘಟನೆಗಳ ವಿರೋಧ ಲೆಕ್ಕಕ್ಕೆ ಬರಲಿಲ್ಲ. 1927ರಲ್ಲಿ ಶಾಲೆ ತೆರೆಯಿತು. ಜೆಫರ್ಸನ್ ಅವರ ಹೆಸರಿಡುವುದು ಮಂಡಳಿಯ ಯೋಚನೆಯಾಗಿತ್ತು. ಗುಲಾಮರನ್ನು ಇಟ್ಟುಕೊಂಡಿದ್ದ ಅಧ್ಯಕ್ಷರ ಹೆಸರು ತಮ್ಮ ಮಕ್ಕಳ ಶಾಲೆಗೆ ಬೇಡವೆಂದು ಜನರು ಮನವಿ ಕೊಟ್ಟರು. ಕೊನೆಗೆ, 1770ರ ಮಾರ್ಚ್ 5ರಂದು ಬಾಸ್ಟನ್ನಿನಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಬಲಿಯಾದ ಕ್ರಿಸ್ಪಸ್ ಅಟಕ್ಸ್ ಅವರ ಹೆಸರು ನಿಂತಿತು. ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಮೊದಲು ರಕ್ತ ಚೆಲ್ಲಿದವನೆಂದು ಹೆಸರಾದ ಆ ಮನುಷ್ಯ ಆಫ್ರಿಕನ್ ರಕ್ತದವನು.

ಬೇರ್ಪಡಿಸಲು ಕಟ್ಟಿದ ಈ ಶಾಲೆಗೆ ಒಳ್ಳೆಯ ಮೇಷ್ಟರುಗಳು ಮಾತ್ರ ಧಾರಾಳವಾಗಿ ಸಿಕ್ಕರು. ಇದಕ್ಕೂ ಕಾರಣ ಅನ್ಯಾಯವೇ. ಎಷ್ಟೇ ಓದಿದ್ದರೂ ಕಪ್ಪು ವಿದ್ವಾಂಸರಿಗೆ ಬಿಳಿಯರ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಸಿಗುತ್ತಿರಲಿಲ್ಲ. ಹೀಗಾಗಿ ಎಂ.ಎ., ಪಿಎಚ್.ಡಿ. ಮಾಡಿದವರು ಇಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿದರು.

ಇಂಡಿಯಾನಾದಲ್ಲಿ ಬ್ಯಾಸ್ಕೆಟ್‌ಬಾಲ್ ಎಂದರೆ ಬರೀ ಆಟವಲ್ಲ, ಹುಚ್ಚು. ಹಳ್ಳಿಯ ಶಾಲೆ, ಪಟ್ಟಣದ ಶಾಲೆ ಎಂಬ ಭೇದವಿಲ್ಲದೆ ಏಳುನೂರಕ್ಕೂ ಹೆಚ್ಚು ಶಾಲೆಗಳು ಒಂದೇ ಪಂದ್ಯಾವಳಿಯಲ್ಲಿ ಸೆಣಸುತ್ತಿದ್ದವು. ಅಟಕ್ಸ್ ಶಾಲೆಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ರಾಜ್ಯದ ಹೈಸ್ಕೂಲು ಕ್ರೀಡಾ ಸಂಘ ಕೊಟ್ಟ ಕಾರಣ ಕೇಳಿ: ಈ ಶಾಲೆಯಲ್ಲಿ ಕಪ್ಪು ಮಕ್ಕಳು ಮಾತ್ರ ಇದ್ದಾರೆ, ಎಲ್ಲರಿಗೂ ಪ್ರವೇಶವಿಲ್ಲ, ಆದ್ದರಿಂದ ಇದು ಸಾರ್ವಜನಿಕ ಶಾಲೆಯಲ್ಲ! ಮಕ್ಕಳನ್ನು ಬೇರೆ ಮಾಡಿದವರು ಯಾರು? ಬೇರೆಯಾಗಿರುವ ತಪ್ಪಿಗೆ ದಂಡ ತೆತ್ತವರು ಯಾರು? ಹೊರಗೆ ಹಾಕಿ, ಆಮೇಲೆ ‘ನೀನೇಕೆ ಹೊರಗಿದ್ದೀ?’ ಎಂದು ಕೇಳುವ ಈ ನ್ಯಾಯ ಒಂದು ದೇಶದ ಸೊತ್ತಲ್ಲ.

ಕ್ಯಾಥೊಲಿಕ್ ಶಾಲೆಗಳಿಗೂ ಆ ಸಂಘದಲ್ಲಿ ಸ್ಥಾನವಿರಲಿಲ್ಲ. ಹೊರಗುಳಿದವರು ಹೊರಗುಳಿದವರೊಡನೆ ಆಡಿದರು. ಎದುರಾಳಿಗಳನ್ನು ಹುಡುಕಿಕೊಂಡು ಅಟಕ್ಸ್ ತಂಡ ನೆರೆರಾಜ್ಯಗಳ ಕಪ್ಪು ಜನರ ಶಾಲೆಗಳವರೆಗೂ ಬಸ್ಸಿನಲ್ಲಿ ಹೋಗುತ್ತಿತ್ತು. ದಾರಿಯಲ್ಲಿ ಉಣ್ಣಲು ಹೋಟೆಲಿನವರು ಬಿಡುತ್ತಾರೋ ಇಲ್ಲವೋ ಎಂಬ ಚಿಂತೆ ಬೇರೆ. 1942ರಲ್ಲಿ ಸಂಘದ ಬಾಗಿಲು ಕಪ್ಪು ಶಾಲೆಗಳಿಗೂ ಕ್ಯಾಥೊಲಿಕ್ ಶಾಲೆಗಳಿಗೂ ತೆರೆಯಿತು.

ಬಾಗಿಲು ತೆರೆದ ಮೇಲೂ ಹುಡುಗರು ತಲೆತಗ್ಗಿಸಿಯೇ ಆಡಬೇಕಿತ್ತು. ಬಿಳಿಯರ ಮನಸ್ಸು ಕೆಡಬಾರದು, ಮೈಗೆ ಮೈ ತಾಗಬಾರದು, ರೆಫರಿಗೆ ಎದುರಾಡಬಾರದು ಎಂಬುದು ಶಾಲೆಯ ಹಿರಿಯರ ನಿಲುವು. ಅದು ಭಯವೂ ಹೌದು, ವಿವೇಕವೂ ಹೌದು. 1950ರಲ್ಲಿ ಗಣಿತದ ಮೇಷ್ಟ್ರು ರೇ ಕ್ರೋ ತಂಡದ ತರಬೇತುದಾರರಾದರು. ಅವರು ಶಿಸ್ತನ್ನು ಬಿಡಲಿಲ್ಲ, ಅಂಜಿಕೆಯನ್ನು ಬಿಡಿಸಿದರು. ರೆಫರಿಗಳ ತೀರ್ಪು ತಮ್ಮ ಕಡೆಗೆ ಇರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮೊದಲ ಕೆಲವು ಅಂಕಗಳು ರೆಫರಿಗಳ ಪಾಲು, ಉಳಿದವು ಮಾತ್ರ ನಮ್ಮವು ಎಂದು ತಿಳಿದು ಆಡಿರೆಂದು ಅವರು ಹುಡುಗರಿಗೆ ಹೇಳುತ್ತಿದ್ದರಂತೆ. 1951ರಲ್ಲಿ ಆಂಡರ್ಸನ್ ತಂಡದ ವಿರುದ್ಧ ಬೈಲಿ ರಾಬರ್ಟ್‌ಸನ್ ಎಂಬ ಹುಡುಗ ಕೊನೆಯ ಗಳಿಗೆಯಲ್ಲಿ ಎಸೆದ ಚೆಂಡು ಬುಟ್ಟಿಗೆ ಬಿದ್ದು ಅಟಕ್ಸ್ 81–80ರಿಂದ ಗೆದ್ದಿತು. ಆ ವರ್ಷ ತಂಡ ರಾಜ್ಯದ ಕೊನೆಯ ನಾಲ್ಕರಲ್ಲಿ ಒಂದಾಯಿತು.

ಬೈಲಿಯ ತಮ್ಮನೇ ಆಸ್ಕರ್ ರಾಬರ್ಟ್‌ಸನ್. ಟೆನೆಸಿಯಿಂದ ವಲಸೆ ಬಂದ ಬಡ ಕುಟುಂಬದ ಹುಡುಗ. ಕೇರಿಯ ಧೂಳು ತುಂಬಿದ ಬಯಲಿನಲ್ಲಿ ಆಟ ಕಲಿತವನು. 1954ರಲ್ಲಿ ಅವನಿದ್ದ ತಂಡ ಮೈಲನ್ ಎಂಬ ಪುಟ್ಟ ಊರಿನ ಶಾಲೆಗೆ ಸೋತಿತು. ಆ ವರ್ಷ ಮೈಲನ್ ಶಾಲೆಯೇ ರಾಜ್ಯ ಚಾಂಪಿಯನ್ ಆಯಿತು. 161 ಮಕ್ಕಳ ಆ ಶಾಲೆಯ ಗೆಲುವಿನಿಂದ ಪ್ರೇರಣೆ ಪಡೆದು 1986ರಲ್ಲಿ ‘ಹೂಸಿಯರ್ಸ್’ ಎಂಬ ಸಿನಿಮಾ ಬಂತು, ಲೋಕಪ್ರಸಿದ್ಧವಾಯಿತು. ಮರುವರ್ಷದ ಗೆಲುವಿಗೆ ಅಂಥ ಸಿನಿಮಾ ಭಾಗ್ಯ ಬರಲಿಲ್ಲ.

ಆ ಮರುವರ್ಷ, 1955ರ ಮಾರ್ಚ್ 19ರಂದು, ಬಟ್ಲರ್ ಫೀಲ್ಡ್‌ಹೌಸ್ ಕ್ರೀಡಾಂಗಣದಲ್ಲಿ ಅಂತಿಮ ಪಂದ್ಯ. ಎದುರಾಳಿ ಗ್ಯಾರಿ ಪಟ್ಟಣದ ರೂಸ್‌ವೆಲ್ಟ್ ಶಾಲೆ. ಅದೂ ಕಪ್ಪು ಮಕ್ಕಳ ಶಾಲೆಯೇ. ಅಟಕ್ಸ್ 97–74ರಿಂದ ಗೆದ್ದಿತು. ಎಲ್ಲರಿಗೂ ತೆರೆದಿದ್ದ ರಾಜ್ಯ ಪಂದ್ಯಾವಳಿಯೊಂದನ್ನು ಕಪ್ಪು ಶಾಲೆಯೊಂದು ಗೆದ್ದದ್ದು ಅಮೆರಿಕದಲ್ಲೇ ಅದು ಮೊದಲು. ಅಷ್ಟೇ ಅಲ್ಲ, ರಾಜಧಾನಿಯ ಯಾವ ಶಾಲೆಯೂ ಅದುವರೆಗೆ ಆ ಪ್ರಶಸ್ತಿ ಗೆದ್ದಿರಲಿಲ್ಲ. ‘ಸಾರ್ವಜನಿಕವಲ್ಲ’ ಎನಿಸಿಕೊಂಡ ಶಾಲೆಯೇ ಊರಿಗೆ ಮೊದಲ ಕಿರೀಟ ತಂದಿತು.

ಗೆದ್ದವರನ್ನು ನಗರದ ನಡುವಿನ ಸ್ಮಾರಕ ವೃತ್ತದಲ್ಲಿ ಸಂಭ್ರಮಿಸುವುದು ವಾಡಿಕೆ. ಅಂದು ಅಗ್ನಿಶಾಮಕ ವಾಹನವೇರಿದ ಹುಡುಗರನ್ನು ಅಲ್ಲಿ ಇಳಿಸಲಿಲ್ಲ. ಗಲಾಟೆಯಾದೀತೆಂಬ ನೆಪದಲ್ಲಿ ಅವರನ್ನು ಕಪ್ಪು ಜನರ ಬಡಾವಣೆಯ ನಾರ್ತ್‌ವೆಸ್ಟರ್ನ್ ಪಾರ್ಕಿಗೆ ಸಾಗಿಸಲಾಯಿತು. ಅಲ್ಲಿ ಬೆಂಕಿ ಹಾಕಿ ಕುಣಿದರು, ಹಾಡಿದರು. ಆಸ್ಕರ್ ಮಾತ್ರ ಬೇಗನೆ ತಂದೆಯ ಮನೆಗೆ ಹೋಗಿಬಿಟ್ಟ. ಈ ಊರಿಗೆ ನಾವು ಬೇಡವಾದವರು ಎಂಬುದು ಅವನಿಗೆ ಗೆದ್ದ ರಾತ್ರಿಯೇ ತಿಳಿಯಿತು. ಆ ನೋವನ್ನು ಮುಂದೆ ಎಷ್ಟೋ ವರ್ಷ ಅವರು ಹೇಳಿಕೊಂಡಿದ್ದಾರೆ.

1956ರಲ್ಲಿ ಅಟಕ್ಸ್ 31 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಮತ್ತೆ ಚಾಂಪಿಯನ್ ಆಯಿತು. ಇಂಡಿಯಾನಾದಲ್ಲಿ ಅದುವರೆಗೆ ಯಾವ ಚಾಂಪಿಯನ್ ತಂಡವೂ ಸೋಲಿಲ್ಲದೆ ವರ್ಷ ಮುಗಿಸಿರಲಿಲ್ಲ. 1959ರಲ್ಲಿ ಬಿಲ್ ಗ್ಯಾರೆಟ್ ಅವರ ತರಬೇತಿಯಲ್ಲಿ ಮೂರನೆಯ ಬಾರಿ ಗೆದ್ದಿತು. ಆಸ್ಕರ್ 1960ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 1971ರಲ್ಲಿ ಕರೀಂ ಅಬ್ದುಲ್ ಜಬ್ಬಾರ್ ಜೊತೆಗೂಡಿ ಮಿಲ್ವಾಕೀ ತಂಡಕ್ಕೆ ಎನ್‌ಬಿಎ ಪ್ರಶಸ್ತಿ ತಂದರು. ಆಟಗಾರರನ್ನು ಮಾಲೀಕರ ಸೊತ್ತಿನಂತೆ ಕಾಣುತ್ತಿದ್ದ ನಿಯಮಗಳ ವಿರುದ್ಧ 1970ರಲ್ಲಿ ಹೂಡಿದ ದಾವೆಗೂ ಅವರದೇ ಹೆಸರು. 1976ರ ರಾಜಿಯಿಂದ ಆಟಗಾರರಿಗೆ ತಮಗೆ ಬೇಕಾದ ತಂಡ ಸೇರುವ ದಾರಿ ತೆರೆಯಿತು. ಗೆದ್ದ ರಾತ್ರಿ ಮೌನವಾಗಿ ಮನೆ ಸೇರಿದ ಹುಡುಗ ಕೋರ್ಟಿನಲ್ಲಿ ಮಾತಾಡಿದ ಎಂದು ನಮಗನ್ನಿಸುತ್ತದೆ.

ಗೆಲುವಿನಿಂದ ಗೋಡೆ ತಾನಾಗಿ ಬೀಳಲಿಲ್ಲ. ಶಾಲೆಗಳಲ್ಲಿ ಬೇರ್ಪಡಿಸುವುದನ್ನು ಇಂಡಿಯಾನಾ 1949ರಲ್ಲೇ ನಿಷೇಧಿಸಿದ್ದರೂ ಅಟಕ್ಸ್ ಕಪ್ಪು ಮಕ್ಕಳ ಶಾಲೆಯಾಗಿಯೇ ಉಳಿದಿತ್ತು. 1968ರಲ್ಲಿ ಕೇಂದ್ರ ಸರಕಾರ ಮೊಕದ್ದಮೆ ಹೂಡಿ, 1971ರಲ್ಲಿ ನ್ಯಾಯಾಲಯದ ತೀರ್ಪು ಬಂದ ಮೇಲಷ್ಟೇ ಬಿಳಿಯ ಮಕ್ಕಳು ಅಲ್ಲಿಗೆ ಬಂದರು. 1986ರಲ್ಲಿ ಹೈಸ್ಕೂಲಿನ ಪಟ್ಟವೂ ಹೋಗಿ ಅದು ಕೆಳಗಿನ ತರಗತಿಗಳ ಶಾಲೆಯಾಯಿತು. ಊರು ಒಟ್ಟಾಗಬೇಕೆನ್ನುವಾಗಲೂ ಕಳೆದುಕೊಂಡವರು ಅವರೇ. 2006ರಲ್ಲಿ ಮತ್ತೆ ಹೈಸ್ಕೂಲಾದ ಅಟಕ್ಸ್ 2017ರಲ್ಲಿ ತನ್ನ ವಿಭಾಗದಲ್ಲಿ ರಾಜ್ಯ ಪ್ರಶಸ್ತಿ ಗೆದ್ದಿತು.

ಅದಕ್ಕೆ ಎರಡು ವರ್ಷ ಮೊದಲು, 2015ರಲ್ಲಿ, ನಗರದ ದೊಡ್ಡ ವಾರ್ಷಿಕ ಮೆರವಣಿಗೆಯಲ್ಲಿ 1955ರ ತಂಡದವರನ್ನು ಕರೆದು ಗೌರವಿಸಲಾಯಿತು. ಹುಡುಗರು ಮುದುಕರಾಗಿದ್ದರು. ರೇ ಕ್ರೋ ಮೇಷ್ಟ್ರು 2003ರಲ್ಲೇ ತೀರಿಕೊಂಡಿದ್ದರು. ತಡವಾದ ಮರ್ಯಾದೆಯೂ ಮರ್ಯಾದೆಯೇ, ಅಲ್ಲಗಳೆಯುವುದಿಲ್ಲ. ಆದರೆ ಹದಿನಾರರ ಹುಡುಗನಿಗೆ ಆ ರಾತ್ರಿ ಸಲ್ಲಬೇಕಿದ್ದುದನ್ನು ಅರುವತ್ತು ವರ್ಷಗಳ ಬಳಿಕ ಯಾರಿಂದ ಕೊಡಲು ಸಾಧ್ಯ? ನಮ್ಮ ಮಕ್ಕಳು ಗೆದ್ದು ಬಂದಾಗ ಅವರ ಮೆರವಣಿಗೆ ಯಾವ ಬೀದಿಯಲ್ಲಿ ಹಾದುಹೋಗುತ್ತದೆ, ಯಾವ ಬೀದಿಗೆ ಬರುವ ಮೊದಲೇ ತಿರುಗಿಬಿಡುತ್ತದೆ ಎಂಬುದನ್ನು ಪ್ರತಿ ಊರೂ ಒಮ್ಮೆ ನೋಡಿಕೊಳ್ಳಬೇಕು.