ಗುಂಡು, ಬಾಣ ಮತ್ತು ಗಣಿತ

1988ರಲ್ಲಿ ನಾನು ಡೊಂಬಿವಲಿಗೆ ಬಂದಾಗ ಸಾಫ್ಟ್‌ವೇರ್ ಕೆಲಸ ಅಂದರೆ ಅರ್ಧ ಚಿತ್ರ ಬಿಡಿಸುವುದೇ. ಗುಂಡು ಸುತ್ತಿ ಬಾಣ ಎಳೆಯುವುದು, ಅದೇ ಡೇಟಾ ಫ್ಲೋ ಡಯಾಗ್ರಾಮ್! 70ರ ದಶಕದ ಕೊನೆಯಲ್ಲಿ ಟಾಮ್ ಡಿಮಾರ್ಕೋ, ಗೇನ್ ಮತ್ತು ಸಾರ್ಸನ್ ಬರೆದ ಪುಸ್ತಕಗಳಿಂದ ಹಬ್ಬಿದ ಪದ್ಧತಿ ಇದು. ಬ್ರಿಟನ್ ಸರ್ಕಾರ 80ರ ದಶಕದಲ್ಲಿ ತನ್ನ ಕೆಲಸಗಳಿಗೆ ಇದರದೇ ಒಂದು ರೂಪವಾದ ಎಸ್‌ಎಸ್‌ಎಡಿಎಂ ಅನ್ನು ಒಪ್ಪಿಕೊಂಡಿತ್ತು. ಗುಮಾಸ್ತರಿಗೂ ಅರ್ಥವಾಗುತ್ತಿತ್ತು, ಅದೇ ದೊಡ್ಡ ಗುಣ. ಗಿರಾಕಿ ಚಿತ್ರ ನೋಡಿ ಸಹಿ ಹಾಕುತ್ತಿದ್ದ. ಆರು ತಿಂಗಳಾದ ಮೇಲೆ "ನಾವು ಹೇಳಿದ್ದು ಹೀಗಲ್ಲ" ಅನ್ನುತ್ತಿದ್ದ. ಅವನದೂ ತಪ್ಪಲ್ಲ, ಬಾಣಕ್ಕೆ ಎಲ್ಲವನ್ನೂ ಹೇಳಲು ಬರುವುದಿಲ್ಲ.

ನಾವು ಊರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸನ್ನೇ ತಗೊಳ್ಳಿ (ಉದಾಹರಣೆ ನನ್ನದು, ರೈಲ್ವೆಯವರದ್ದಲ್ಲ). ಚಿತ್ರದಲ್ಲಿ ಅರ್ಜಿ ಒಳಗೆ ಹೋಗುತ್ತದೆ, ಟಿಕೆಟ್ ಹೊರಗೆ ಬರುತ್ತದೆ, ನಡುವೆ 'ಬರ್ತ್ ಕೊಡು' ಎಂಬ ಗುಂಡು. ಒಂದು ಬರ್ತ್ ಇಬ್ಬರಿಗೆ ಕೊಡಬಾರದು ಅನ್ನುವುದು ಎಲ್ಲಿದೆ? ಪಕ್ಕದಲ್ಲಿ ಹಾಗೆ ಬರೆದಿಟ್ಟರೂ ಸರಿಯಾಗದು. ಕಲ್ಯಾಣದಲ್ಲಿ ಹತ್ತಿದವರು ಕಲಬುರಗಿಯಲ್ಲಿ ಇಳಿದರೆ, ಅಲ್ಲಿಂದ ಬೆಂಗಳೂರಿಗೆ ಅದೇ ಬರ್ತ್ ಬೇರೆಯವರಿಗೆ ಕೊಡಬಹುದಲ್ಲ! ನಿಜವಾದ ನಿಯಮ ಇದು: ಒಂದೇ ಗಾಡಿಯಲ್ಲಿ ಒಂದೇ ಬರ್ತ್ ಪಡೆದ ಇಬ್ಬರ ಪ್ರಯಾಣದ ಭಾಗಗಳು ಒಂದರ ಮೇಲೊಂದು ಬೀಳಬಾರದು. ಶಾಲೆಯಲ್ಲಿ ಕಲಿತ ಗಣಗಳ ಭಾಷೆಯಲ್ಲಿ ಇದನ್ನು ಒಂದೇ ಸಾಲಿನಲ್ಲಿ ಬರೆಯಬಹುದು. ಟಿಕೆಟ್ ಕೊಟ್ಟ ಮೇಲೂ, ರದ್ದು ಮಾಡಿದ ಮೇಲೂ ನಿಯಮ ಉಳಿಯುತ್ತದೆಯೇ ಎಂದು ಸಾಧಿಸಿ ನೋಡಬಹುದು.

ಇಂಥ ಬರವಣಿಗೆಗೆ ವಿಯೆನ್ನಾದ ಐಬಿಎಂ ಪ್ರಯೋಗಾಲಯದಲ್ಲಿ ವಿಡಿಎಂ ಹುಟ್ಟಿತು. ಅಬ್ರಿಯಾಲ್ ಶುರುಮಾಡಿದ ಝಡ್ ಆಕ್ಸ್‌ಫರ್ಡ್‌ನಲ್ಲಿ ಬೆಳೆಯಿತು. ಆದರೆ ಗಿರಾಕಿಗೆ ಅದರ ತಲೆಬುಡ ತಿಳಿಯದು. ಹಾಗಾಗಿ 90ರ ದಶಕದ ಆರಂಭದಲ್ಲಿ ಎರಡಕ್ಕೂ ಗಂಟುಹಾಕುವ ಪ್ರಯತ್ನಗಳು ನಡೆದವು. ಯಾರ್ಕ್ ವಿಶ್ವವಿದ್ಯಾಲಯದವರು ಎಸ್‌ಎಸ್‌ಎಡಿಎಂ ಜೊತೆ ಝಡ್ ಸೇರಿಸಿ ಸ್ಯಾಝ್ ಮಾಡಿದರು. ಸೆಮೆನ್ಸ್, ಫ್ರಾನ್ಸ್, ಡಾಕರ್ ಎಂಬ ಮೂವರು 1992ರಲ್ಲಿ ಇಂಥ ಪದ್ಧತಿಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ ಬರೆದರು. ಉಪಾಯ ಸರಳ: ದಾಖಲೆ ಇಡುವ ಜಾಗಕ್ಕೊಂದು ಮುರಿಯಬಾರದ ನಿಯಮ, ಪ್ರತಿ ಗುಂಡಿಗೂ 'ಮೊದಲು ಏನಿರಬೇಕು, ಆಮೇಲೆ ಏನಾಗಿರಬೇಕು' ಎಂಬ ಷರತ್ತು. ನನ್ನ ಕೇಳಿದರೆ, ಷರತ್ತು ಬರೆಯಲು ಕೂತಾಗ ಏಳುವ ಪ್ರಶ್ನೆಗಳೇ ಅರ್ಧ ಲಾಭ.

ನಮ್ಮ ಆಫೀಸುಗಳಿಗೆ ಇದು ಬರಲಿಲ್ಲ. ತಿಂಗಳ ಲೆಕ್ಕದಲ್ಲಿ ಬಿಲ್ ಮಾಡುವಲ್ಲಿ ಯೋಚನೆಗೆ ಯಾರು ದುಡ್ಡು ಕೊಡುತ್ತಾರೆ? ಅಷ್ಟರಲ್ಲಿ ಯುಎಂಎಲ್ ಬಂದು ಗುಂಡುಗಳೂ ಹೋದವು. ಗಣಿತ ಮಾತ್ರ ಹತ್ತಿರದಲ್ಲೇ ಉಳಿದಿತ್ತು. ವಾಶಿ ಖಾಡಿಯ ಆಚೆ ಟ್ರಾಂಬೆಯ ಬಿಎಆರ್‌ಸಿಯವರಿಗೆ ರಿಯಾಕ್ಟರ್ ನಿಯಂತ್ರಿಸುವ ಸಾಫ್ಟ್‌ವೇರ್ ಪರೀಕ್ಷಿಸಲು ಅದು ಬೇಕಾಯಿತು. ಪವಾಯಿಯ ಐಐಟಿಯಲ್ಲಿ ಇದಕ್ಕೆಂದೇ ಒಂದು ಕೇಂದ್ರವೂ ಶುರುವಾಯಿತು.